ಆಚಾರಣ್ಣನ ಬಾವುಟ

ಮುನಿಯಾಚಾರಿ ಯಾವುದನ್ನೂ ಒಂದೇ ಸಲ ನೋಡಿ ಒಪ್ಪಿದವರಲ್ಲ. ಮೊದಲು ಎದುರಿನಿಂದ ನೋಡುತ್ತಿದ್ದರು. ಆಮೇಲೆ ಬೆನ್ನು ತಿರುಗಿಸಿ ನಿಂತು, ಅಂಗಿಯ ಜೇಬಿನಿಂದ ಅಂಗೈಯಗಲದ ಗುಂಡು ಕನ್ನಡಿ ತೆಗೆದು, ಭುಜದ ಮೇಲಿಂದ ಅದರೊಳಗೆ ಇನ್ನೊಂದು ಸಲ ನೋಡುತ್ತಿದ್ದರು. ಮದುವೆ ಕಾಗದವಾಗಲಿ, ಹೊಸದಾಗಿ ಕಟ್ಟಿದ ಗೋಡೆಯಾಗಲಿ, ಕೆಲಸ ಕೇಳಿಕೊಂಡು ಬಂದ ಮನುಷ್ಯರಾಗಲಿ, ಎಲ್ಲಕ್ಕೂ ಎರಡು ಪರೀಕ್ಷೆ. ಎರಡರಲ್ಲೂ ಪಾಸಾದರೆ ತಲೆ ಆಡಿಸುತ್ತಿದ್ದರು. ಇಲ್ಲವಾದರೆ "ತಪ್ಪು" ಅನ್ನುತ್ತಿದ್ದರು. ಅವರ ಬಾಯಲ್ಲಿ ಆ ಒಂದು ಮಾತು ಕೇಳುವುದಕ್ಕಿಂತ ಮೊದಲಾಳಿಯ, ಅಂದರೆ ಮಾಲೀಕರ, ಹತ್ತು ಬೈಗುಳ ವಾಸಿ ಎಂದು ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಹೇಳುತ್ತಿದ್ದರು.

ಹೊಸೂರಿನ ಆ ಸಣ್ಣ ಕಾರ್ಖಾನೆಗೆ ನಾನು ತಪಾಸಣೆ ಕೆಲಸಕ್ಕೆ ಸೇರಿದ ದಿನ ನನ್ನನ್ನೂ ಹಾಗೇ ನೋಡಿದರು. ನಮ್ಮೂರು ಬೇರಿಕೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೆ. ಎರಡು ಮಕ್ಕಳ ತಾಯಿ, ಬಿಸಿಲು, ಹಸಿವು. ಈ ಮುದುಕ ಬೆನ್ನು ತಿರುಗಿಸಿ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ, "ಎಡಗಡೆ ಹುಬ್ಬು ಒಂದು ಕೂದಲೆಳೆ ಮ್ಯಾಲೈತೆ, ಅಮ್ಮಣ್ಣಿ. ಇರ್ಲಿ ಬುಡು, ದೇವ್ರು ಮಾಡಿದ್ದು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ ಮೂಗು ಬಲಕ್ಕೆ ವಾಲ್ಕೊಂಡೈತಲ್ಲ, ಅದ್ಯಾರು ಮಾಡಿದ್ದು?" ಎಂದೆ. ಸುತ್ತ ಇದ್ದವರು ಕೈಕೆಲಸ ಬಿಟ್ಟು ತಿರುಗಿದರು. ಅವರು ಮಾತ್ರ ಕನ್ನಡಿಯನ್ನು ತಮ್ಮ ಮೂಗಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ, ಸಾವಧಾನವಾಗಿ ನೋಡಿದರು. "ಹೌದು ಕಣಮ್ಮಣ್ಣಿ. ಇಷ್ಟು ವರ್ಸ ನಂಗೇ ಗೊತ್ತಿರ್ನಿಲ್ಲ. ನೀನು ಈ ಕೆಲ್ಸಕ್ಕೆ ಆಯ್ತೀಯ." ಅಂದಿನಿಂದ ಅವರು ನನಗೆ ಆಚಾರಣ್ಣ. ನಾನು ಅವರಿಗೆ ಕೊನೆಯವರೆಗೂ ಅಮ್ಮಣ್ಣಿ.

ಕನ್ನಡಿಯ ಹುಚ್ಚು ಅವರಿಗೆ ಕೆಲಸದಿಂದ ಹತ್ತಿದ್ದು. ನಮ್ಮದು ಅಚ್ಚು ಮಾಡುವ ಕಾರ್ಖಾನೆ. ಶಾಲೆಯ ಪದಕ, ಕಂಪನಿಯ ಬಿಲ್ಲೆ, ಬೆಲ್ಟಿನ ಕೊಂಡಿ, ಅಪರೂಪಕ್ಕೆ ಬೆಳ್ಳಿಯದೋ ಚಿನ್ನದ್ದೋ ನೆನಪಿನ ನಾಣ್ಯ. ಇವೆಲ್ಲ ಆಗಬೇಕಾದರೆ ಮೊದಲು ಉಕ್ಕಿನ ದಿಮ್ಮಿಯ ಮೇಲೆ ಚಿತ್ರವನ್ನು ತಿರುಗಿಸಿ ಕೆತ್ತಬೇಕು. ನಾಣ್ಯದಲ್ಲಿ ಬಲಗೈಯಾಗಬೇಕಾದ್ದು ಅಚ್ಚಿನಲ್ಲಿ ಎಡಗೈ. ಉಬ್ಬಬೇಕಾದ್ದು ಅಲ್ಲಿ ಹಳ್ಳ. ಆಚಾರಣ್ಣ ಕೂದಲು ಸೀಳುವಂಥ ಉಳಿ ಹಿಡಿದು, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಪಕ್ಕದಲ್ಲಿ ಈ ಗುಂಡು ಕನ್ನಡಿ ನಿಲ್ಲಿಸಿಕೊಂಡು ಕೆತ್ತುತ್ತಿದ್ದರು. "ಕಣ್ಣಿಗೆ ಅಭ್ಯಾಸ ಆಗೋಯ್ತದೆ ಅಮ್ಮಣ್ಣಿ, ಆಮ್ಯಾಕೆ ಸುಳ್ಳು ಹೇಳ್ತದೆ. ಕನ್ನಡೀಗೆ ಅಭ್ಯಾಸ ಆಗಲ್ಲ" ಎನ್ನುತ್ತಿದ್ದರು.

ಅವರದು ಕೆಲಮಂಗಲದ ಹತ್ತಿರದ ಹಳ್ಳಿಯ ಅಕ್ಕಸಾಲಿ ಮನೆ. ತಾತ, ಅಪ್ಪ ಸುತ್ತಲಿನ ಊರುಗಳಿಗೆಲ್ಲ ತಾಳಿ, ಓಲೆ, ಕಾಲುಂಗುರ ಮಾಡಿಕೊಟ್ಟವರು. ಹೊಸೂರಿನಲ್ಲಿ ಗಾಜಿನ ಬಾಗಿಲಿನ ಒಡವೆ ಅಂಗಡಿಗಳು ಬಂದ ಮೇಲೆ ಹಳ್ಳಿಯ ಕುಲುಮೆಗೆ ಯಾರು ಬರುತ್ತಾರೆ? ಮೂವತ್ತೈದು ದಾಟಿದ ಮೇಲೆ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಾರ್ಖಾನೆಗೆ ಬಂದರು. ಚಿನ್ನ ಬಿಟ್ಟು ಉಕ್ಕು ಹಿಡಿದರು. ಆದರೆ ಚಿನ್ನ ಅವರನ್ನು ಬಿಡಲಿಲ್ಲ. ಬಿಡದೇ ಇದ್ದದ್ದು ಒಂದು ಗಾದೆ. ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ ಎಂದು ಊಟದ ಹೊತ್ತಿನಲ್ಲಿ ಯಾರಾದರೂ ತಮಾಷೆಗೆ ಅಂದರೂ ಸಾಕು, ಅವರು ತುತ್ತು ಕೆಳಗಿಟ್ಟು ಎದ್ದುಹೋಗುತ್ತಿದ್ದರು.

ಚಿನ್ನದ ಕೆಲಸ ಬಂದ ದಿನಗಳಲ್ಲಿ ಅವರ ನಡವಳಿಕೆ ನೋಡಬೇಕಿತ್ತು. ನಮ್ಮನ್ನೆಲ್ಲ ಕಾವಲಿನವನು ಗೇಟಿನಲ್ಲಿ ತಡವಿ ನೋಡುತ್ತಿದ್ದ. ಆಚಾರಣ್ಣ ಅವನು ಕೈಯೆತ್ತುವ ಮೊದಲೇ ಜೇಬುಗಳನ್ನು ಹೊರಗೆಳೆದು ತೋರಿಸುತ್ತಿದ್ದರು. ಕನ್ನಡಿ, ಎಲೆಯಡಿಕೆ ಚೀಲ, ಬಸ್ಸಿನ ಪಾಸು. ಅದಕ್ಕೂ ಮುಂಚೆ ಒಳಗೆ ಒಂದು ಬೋಗುಣಿ ನೀರಿನಲ್ಲಿ ಕೈ ತೊಳೆದು, ಉಗುರಿನ ಸಂದಿಯನ್ನೂ ಕಡ್ಡಿಯಲ್ಲಿ ಕೆದಕಿ, ಚಿನ್ನದ ಪುಡಿ ಇದ್ದೀತೆಂದು ಆ ನೀರನ್ನು ಚೆಲ್ಲದೆ ಮೊದಲಾಳಿಯ ಮೇಜಿನ ಮೇಲೆ ಇಟ್ಟುಬರುತ್ತಿದ್ದರು. "ಸೋಸ್ಕೊಳ್ಳಿ ಸಾರ್" ಎಂದು ಹೇಳಿ. ಅದು ವಿನಯವಲ್ಲ, ಸವಾಲು. ನಮ್ಮ ಮೊದಲಾಳಿ ರಾಜೇಂದ್ರನ್ ಸಾರ್ ತಲೆ ಚಚ್ಚಿಕೊಳ್ಳುತ್ತಿದ್ದರು. ಒಡವೆ ಮಾಡುವ ಜಾತಿಯ ಆ ಮನುಷ್ಯ ಮೈಮೇಲೆ ಒಂದು ಗುಲಗಂಜಿ ಚಿನ್ನ ಹಾಕಿಕೊಂಡಿದ್ದನ್ನು ನಾನು ಕಾಣೆ.

ಕೆಲಸದಲ್ಲಿ ಅವರ ಹಟ ಎಷ್ಟಿತ್ತು ಎನ್ನುವುದಕ್ಕೆ ಹಾಲಿನ ಡೈರಿಯ ಬಿಲ್ಲೆಯ ಕಥೆ ಹೇಳಬೇಕು. ಯಾರೋ ಪಟ್ಟಣದ ಕಲಾವಿದ ಬರೆದ ಹಸುವಿನ ಚಿತ್ರ. ದೊಡ್ಡ ಹಿಣಿಲು, ಕೊಬ್ಬಿದ ಕತ್ತು, ಗತ್ತಿನ ನಿಲುವು, ಕೆಳಗೆ ತುಂಬಿದ ಕೆಚ್ಚಲು. ಆಚಾರಣ್ಣ ನೋಡಿದರು, ಕನ್ನಡಿಯಲ್ಲೂ ನೋಡಿದರು. "ಇದು ಹೋರಿ ಕಣ್ರಲಾ! ಹೋರಿಗೆ ಕೆಚ್ಚಲು ಬುಟ್ಟವ್ನೆ. ಇದನ್ನ ಕರೆಯೋಕೆ ಯಾವನ್ಲಾ ಹೋಗ್ತಾನೆ?" ಕೆತ್ತುವುದಿಲ್ಲ ಎಂದು ಉಳಿ ಕೆಳಗಿಟ್ಟರು. ಎರಡು ದಿನ ಫೋನುಗಳು ಓಡಾಡಿದವು. ಡೈರಿಯವರೇ ನಕ್ಕು, ಚಿತ್ರ ತಿದ್ದಿ ಕಳಿಸಿ, ಮೇಲೆ ಒಂದು ಡಬ್ಬ ತುಪ್ಪವನ್ನೂ ಕಳಿಸಿದರು. ತುಪ್ಪವನ್ನು ಆಚಾರಣ್ಣ ಎಲ್ಲರ ಅನ್ನಕ್ಕೂ ತಾವೇ ಬಡಿಸಿದರು. ತಪ್ಪು ಎಂದು ತೋರಿಸಿದರೆ ಜನ ತಿದ್ದಿಕೊಳ್ಳುತ್ತಾರೆ ಎಂದು ಅವರು ನಂಬಿದ್ದರು. ಆ ತುಪ್ಪದ ಡಬ್ಬವೇ ಅವರನ್ನು ಕೆಡಿಸಿತು ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಸಮುದ್ರಯುದ್ಧದ ನಾಣ್ಯ ಬಂದದ್ದು ಅವರ ನಿವೃತ್ತಿಗೆ ಒಂದು ವರ್ಷ ಇರುವಾಗ. ಹಿಂದೆ ಯಾವುದೋ ಕಾಲದಲ್ಲಿ ನಮ್ಮ ಕರಾವಳಿಯ ಹಾಯಿಹಡಗುಗಳು ದೊಡ್ಡ ದೊಡ್ಡ ಪರದೇಶಿ ಹಡಗುಗಳನ್ನು ಎದುರಿಸಿ ಗೆದ್ದದ್ದರ ನೆನಪಿಗೆ ಚಿನ್ನದ ನಾಣ್ಯ. ಯುದ್ಧದ ಹೆಸರನ್ನಾಗಲಿ ಮಾಡಿಸಿದವರ ಹೆಸರನ್ನಾಗಲಿ ನಾನು ಹೇಳುವುದಿಲ್ಲ, ಹೇಳುವುದಿಲ್ಲವೆಂದು ಕಾಗದಕ್ಕೆ ರುಜು ಹಾಕಿದ್ದೇವೆ. ಕಾರ್ಖಾನೆಗೆ ಅಷ್ಟು ದೊಡ್ಡ ಕೆಲಸ ಅದುವರೆಗೆ ಬಂದಿರಲಿಲ್ಲ. ರಾಜೇಂದ್ರನ್ ಸಾರ್ ಅಚ್ಚಿನ ದಿಮ್ಮಿಗೆ ಅರಿಶಿನ ಕುಂಕುಮ ಹಚ್ಚಿಸಿ, ಕಾಯಿ ಒಡೆಸಿ ಆಚಾರಣ್ಣನ ಕೈಗೆ ಕೊಟ್ಟರು. ಸಮುದ್ರವನ್ನು ಜನ್ಮದಲ್ಲಿ ನೋಡದ ಮನುಷ್ಯ ಹಡಗು ಕೆತ್ತಲು ಕೂತರು.

ಚಿತ್ರ ಚೆನ್ನಾಗಿತ್ತು. ಅಲೆ, ತೋಪು, ಹೊಗೆ, ಹಗ್ಗ ಎಳೆಯುವ ಜನ. ನಡುವೆ ಎದೆಯುಬ್ಬಿಸಿಕೊಂಡು ಬರುವ ಮುಖ್ಯ ಹಡಗು, ಹಾಯಿಗಳೆಲ್ಲ ಮುಂದಕ್ಕೆ ಉಬ್ಬಿವೆ. ಕಂಬದ ತುದಿಯಲ್ಲಿ ಬಾವುಟ ಹಿಂದಕ್ಕೆ ಪಟಪಟ ಹಾರುತ್ತಿದೆ. ನೋಡಿದರೆ ರೋಮಾಂಚನವಾಗಬೇಕು, ನನಗೆ ಆಗಿತ್ತು ಕೂಡ. ಆಚಾರಣ್ಣ ಎದುರಿನಿಂದ ನೋಡಿದರು. ಬೆನ್ನು ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ಕರೆದು ಕೇಳಿದರು.

"ನಿಮ್ಮನೇಲಿ ರಾಗಿ ತೂರ್ತಾರಲ್ಲ, ನಿಮ್ಮವ್ವ ಗಾಳಿಗೆ ಯಾವ ಕಡೆ ಮಾಡ್ಕೊಂಡು ನಿಂತ್ಕೊಳ್ತಾಳೆ?"

"ಬೆನ್ನು ಕೊಟ್ಕೊಂಡು. ಇಲ್ದಿದ್ರೆ ಹೊಟ್ಟೆಲ್ಲ ಕಣ್ಣಿಗೆ ಬೀಳಾಕಿಲ್ವಾ?"

"ಸೆರಗು ಎತ್ತಗೆ ಹಾರ್ತದೆ?"

"ಮುಂದಕ್ಕೆ. ಹೊಟ್ಟು ಹೋದ ಕಡೀಕೇ." ಹೇಳಿದ ಮೇಲೆ ನನಗೆ ಹೊಳೆಯಿತು. ಹಾಯಿಯನ್ನು ಮುಂದಕ್ಕೆ ಉಬ್ಬಿಸಿದ ಗಾಳಿ ಹಿಂದಿನಿಂದ ಬರುತ್ತಿದೆ. ಅದೇ ಗಾಳಿಯಲ್ಲಿ ಬಾವುಟ ಹಿಂದಕ್ಕೆ ಹೇಗೆ ಹಾರುತ್ತದೆ? ಗಾಳಿಗೆ ಬೆನ್ನು ಕೊಟ್ಟು ನಿಂತ ನಮ್ಮವ್ವನ ಸೆರಗು ಹಿಂದಕ್ಕೆ ಹಾರಿದ್ದನ್ನು ನಾನೂ ಕಂಡಿರಲಿಲ್ಲ.

"ಈ ಚಿತ್ರ ಬರ್ದೋನು ಬಾವುಟ ನೋಡಿರೋದು ಪಾರ್ಟಿ ಕಾರಿನ ಮ್ಯಾಲೆ" ಎಂದರು ಆಚಾರಣ್ಣ. "ಕಾರು ಇಂಜಿನ್‌ನಾಗೆ ಓಡ್ತದೆ, ಬಾವುಟ ಹಿಂದಕ್ಕೆ ಹೋಯ್ತದೆ. ಇದನ್ನ ತಳ್ಳೋದೇ ಗಾಳಿ. ತಪ್ಪು."

ರಾಜೇಂದ್ರನ್ ಸಾರಿಗೆ ಹೇಳಿದರು. ಸಾರ್ ಕೆಟ್ಟವರಲ್ಲ, ಆದರೆ ಅವಸರದಲ್ಲಿದ್ದರು. ಅಚ್ಚನ್ನೂ ಕನ್ನಡಿಯನ್ನೂ ನೋಡಿ ನೋಡಿ ನಿಮಗೆ ಎಡಬಲ ಮರೆತಿದೆ ಆಸಾರಿ ಎಂದು ತಮಿಳಿನಲ್ಲಿ ಹೇಳಿ ನಕ್ಕರು, ಆಚಾರಿ ಅವರ ಬಾಯಲ್ಲಿ ಆಸಾರಿ. "ಕನ್ನಡೀಲಿ ಎರಡೂ ತಿರುಗ್ತವೆ ಸಾರ್" ಎಂದರು ಇವರು. "ಹಾಯಿ ತಿರುಗ್ದಂಗೆ ಬಾವುಟಾನೂ ತಿರುಗ್ತದೆ. ತಪ್ಪು ಇದ್ದಿದ್ದು ಅಲ್ಲೂ ತಪ್ಪಾಗೇ ಕಾಣ್ತದೆ." ಸಾರ್ ನಗು ನಿಲ್ಲಿಸಿ, ಡ್ರಾಯಿಂಗ್ ಹೇಗಿದೆಯೋ ಹಾಗೆ ಎಂದು ಹೇಳಿ ಹೋದರು.

ಆಚಾರಣ್ಣ ಒಂದೂವರೆ ತಿಂಗಳು ಕೆತ್ತಿದರು. ಅಂಥ ಕೆಲಸವನ್ನು ನಾನು ಮತ್ತೆ ನೋಡಲಾರೆ. ಹಗ್ಗದ ಒಂದೊಂದು ಹುರಿಯೂ ಕಾಣುತ್ತಿತ್ತು, ತೋಪಿನ ಹತ್ತಿರ ನಿಂತವನು ಕಿವಿ ಮುಚ್ಚಿಕೊಂಡದ್ದು ಕಾಣುತ್ತಿತ್ತು. ಎಲ್ಲ ಮುಗಿಸಿ ಕಂಬದ ತುದಿಯ ಒಂದು ಭತ್ತದಷ್ಟು ಜಾಗವನ್ನು ಖಾಲಿ ಬಿಟ್ಟರು.

ಅದನ್ನು ನೋಡಲು ಮಾಡಿಸುವವರ ಕಡೆಯಿಂದ ಒಬ್ಬ ಮೇಡಂ ಚೆನ್ನೈನಿಂದ ಬಂದರು. ಆಚಾರಣ್ಣ ಅವರಿಗೆ ಕೈಮುಗಿದು, ನಮ್ಮ ವಿಭಾಗದ ಸ್ಟ್ಯಾಂಡ್ ಫ್ಯಾನನ್ನು ಎಳೆದುಕೊಂಡು ಬಂದರು. ಒಂದು ಕಡ್ಡಿಗೆ ಒರೆಸುವ ಬಟ್ಟೆಯನ್ನು ಹಾಯಿಯ ಹಾಗೆ ಕಟ್ಟಿದ್ದರು, ತುದಿಗೆ ಕೆಂಪು ದಾರ. ಕಡ್ಡಿಯನ್ನು ಫ್ಯಾನಿನ ಮುಂದೆ ಹಿಡಿದರು. ಬಟ್ಟೆ ಉಬ್ಬಿದ ಕಡೆಗೇ ದಾರವೂ ಹಾರಿತು. ಕಡ್ಡಿಯನ್ನು ಹೇಗೆ ತಿರುಗಿಸಿದರೂ ಅಷ್ಟೇ. ಮೇಡಂ ಬುದ್ಧಿವಂತೆ. ಒಮ್ಮೆಗೇ ಅರ್ಥವಾಗಿ ಚಪ್ಪಾಳೆ ತಟ್ಟಿದರು. "ಕರೆಕ್ಟ್, ಕರೆಕ್ಟ್, ಎಷ್ಟು ಚೆನ್ನಾಗಿ ಹೇಳಿದಿರಿ" ಎಂದರು. ಆಚಾರಣ್ಣನ ಮುಖದಲ್ಲಿ ತುಪ್ಪದ ಡಬ್ಬದ ದಿನದ ಬೆಳಕು ಬಂತು. ಆಮೇಲೆ ಮೇಡಂ, ಆದರೆ ಡ್ರಾಯಿಂಗ್ ಅಪ್ರೂವ್ ಆಗಿಹೋಗಿದೆಯಲ್ಲ ಎಂದರು. ಏಳು ಜನರ ಸಮಿತಿ ರುಜು ಹಾಕಿದೆ, ಪೆಟ್ಟಿಗೆಯ ಮುಚ್ಚಳದ ಮೇಲೆ, ಆಹ್ವಾನ ಪತ್ರಿಕೆಯ ಮೇಲೆ ಇದೇ ಚಿತ್ರ ಅಚ್ಚಾಗಿದೆ, ಈಗ ಆ ಏಳು ಜನರ ಹತ್ತಿರ ತಪ್ಪು ಎಂದು ಯಾರು ಹೇಳುವುದು?

"ನಾನು ಹೇಳ್ತೀನಿ, ಕರ್ಕೊಂಡೋಗಿ" ಎಂದರು ಆಚಾರಣ್ಣ.

ಮೇಡಂ ವಾಚು ನೋಡಿಕೊಂಡರು. ರಾಜೇಂದ್ರನ್ ಸಾರ್ ಆಚಾರಣ್ಣನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. ಇಷ್ಟು ಸಣ್ಣ ಬಾವುಟ, ಯಾರು ನೋಡಲಿಕ್ಕೆ ಹೋಗುತ್ತಾರೆ ಆಸಾರಿ, ಏಳು ಜನ ಒಪ್ಪಿದ್ದಾರೆ ಎಂದರು.

"ಏಳು ಜನ ಸೇರ್ಕೊಂಡು ಗಾಳೀನ ತಿರುಗಿಸ್ಬುಡ್ತಾರಾ ಸಾರ್?"

ಆ ಸಂಜೆಯೊಳಗೆ ಮುಗಿಸಬೇಕು ಎಂದು ಆಜ್ಞೆಯಾಯಿತು. ಜತೆಯವರೆಲ್ಲ ಬುದ್ಧಿ ಹೇಳಿದರು. ಒಂದು ವರ್ಷ ಕಣ್ಣು ಮುಚ್ಚಿಕೊಂಡರೆ ಹಾರ ಹಾಕಿ, ಬೀಳ್ಕೊಟ್ಟು, ಮನೆಯವರೆಗೆ ಕಾರಿನಲ್ಲಿ ಕಳಿಸುತ್ತಾರೆ. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದರು. ಆಚಾರಣ್ಣ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರು. ಸಂಜೆ ಅಚ್ಚನ್ನು ಸೀಸದ ಬಿಲ್ಲೆಯ ಮೇಲೆ ಒತ್ತಿ ಪ್ರತಿ ತೆಗೆದರು. ಉಕ್ಕನ್ನು ಕಾಯಿಸಿ ಹದ ಹಾಕಿ ಗಟ್ಟಿ ಮಾಡುವ ಮೊದಲು ಹೀಗೆ ಮೆತ್ತಗಿನ ಸೀಸದಲ್ಲಿ ತೆಗೆದು ನೋಡುವುದು ವಾಡಿಕೆ. ಅದನ್ನು ಸಾರ್ ಮೇಜಿನ ಮೇಲೆ ಇಟ್ಟರು. ಬಾವುಟ ಮುಂದಕ್ಕೆ ಹಾರುತ್ತಿತ್ತು.

ಸಾರ್ ಅದನ್ನು ಡ್ರಾಯಿಂಗಿನ ಪಕ್ಕದಲ್ಲಿಟ್ಟು ನೋಡಿದರು. ಆಮೇಲೆ ನನ್ನನ್ನು ಕರೆಸಿದರು. "ಮಂಜುಳಾ, ತಪಾಸಣೆ ನಿನ್ನದು. ಡ್ರಾಯಿಂಗ್ ಪ್ರಕಾರ ಇದೆಯೋ ಇಲ್ಲವೋ? ಒಂದೇ ಮಾತಲ್ಲಿ ಹೇಳು."

ಆಚಾರಣ್ಣ ಪಕ್ಕದಲ್ಲೇ ನಿಂತಿದ್ದರು. ನಾನು ಅವರ ಕಡೆ ನೋಡಲಿಲ್ಲ. "ಇಲ್ಲ" ಎಂದೆ.

ಸುಳ್ಳಲ್ಲ. ಡ್ರಾಯಿಂಗ್ ಪ್ರಕಾರ ಇರಲಿಲ್ಲ. ಆದರೆ ನಮ್ಮವ್ವನ ಸೆರಗಿನ ವಿಷಯ ಗೊತ್ತಿದ್ದವಳು ನಾನು, ಆ ಕೋಣೆಯಲ್ಲಿ ಇನ್ನೆರಡು ಮಾತು ಆಡಬಹುದಿತ್ತು. ಆಡಲಿಲ್ಲ. ಮೊದಲ ದಿನ ಮೂಗು ವಾಲಿದೆ ಎಂದು ಎದುರುತ್ತರ ಕೊಟ್ಟವಳ ನಾಲಗೆ ಅವತ್ತು ಎಲ್ಲಿ ಸತ್ತಿತ್ತೋ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸಾರ್ ತೀರ್ಪು ಹೇಳಿದರು. ಇನ್ನೊಂದು ಅಚ್ಚನ್ನು ಹೊರಗಡೆ ಯಂತ್ರದಲ್ಲಿ ಕೊರೆಸುವುದು. ಆಸಾರಿ ಒಂದು ಕ್ಷಮಾಪಣೆ ಪತ್ರ ಬರೆದುಕೊಟ್ಟರೆ ಕೆಲಸದಲ್ಲಿ ಇರಬಹುದು. ಈ ಅಚ್ಚನ್ನು ಗೀರು ಹಾಕಿ ರದ್ದು ಮಾಡುವುದು, ಬೇರೆ ಯಾರ ಕೈಗಾದರೂ ಸಿಕ್ಕಿ ನಾಣ್ಯ ಒತ್ತಬಾರದಲ್ಲ. "ಗೀರು ನಾನೇ ಹಾಕ್ತೀನಿ" ಎಂದರು ಆಚಾರಣ್ಣ. "ನನ್ ಕೈಯಿಂದ ಆಗಿದ್ದು ನನ್ ಕೈಯಿಂದಲೇ ಹೋಗ್ಲಿ." ಉಳಿ ಹಿಡಿದು ಒಂದೇ ಏಟಿಗೆ ಎಳೆದರು. ಗೀರು ಕೆಳಗೆ ಸಮುದ್ರದ ಮೇಲೆ ಹಾದುಹೋಯಿತು. ಬಾವುಟವನ್ನು ಮುಟ್ಟಲಿಲ್ಲ.

ಪತ್ರ ಬರೆಯಲಿಲ್ಲ. ಮರುದಿನ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು. ಗೇಟಿನಲ್ಲಿ ವಾಡಿಕೆಯಂತೆ ಜೇಬು ಹೊರಗೆಳೆದರು. ಕನ್ನಡಿ, ಎಲೆಯಡಿಕೆ ಚೀಲ, ಪಾಸು, ಸಾರ್ ಬೇಡವೆಂದು ಬಿಟ್ಟ ಆ ಸೀಸದ ಬಿಲ್ಲೆ. ಕಾವಲಿನವನು ಸೀಸವನ್ನು ತಿರುಗಿಸಿ ನೋಡಿ, "ಈಯಂ ದಾನೇ, ಪೋಂಗ ಆಸಾರಿ" ಎಂದು ವಾಪಸು ಕೊಟ್ಟ. ಸೀಸ ತಾನೇ, ಹೋಗಿ. ಹಾರ ಇಲ್ಲ, ಕಾರು ಇಲ್ಲ. ಕೆಲಮಂಗಲದ ಬಸ್ಸು ಬಂತು, ಹತ್ತಿದರು.

ಚಿನ್ನದ ನಾಣ್ಯಗಳು ಯಂತ್ರದ ಅಚ್ಚಿನಿಂದ ಬಂದವು. ಫಳಫಳ ಹೊಳೆಯುತ್ತಿದ್ದವು, ಕಿವಿ ಮುಚ್ಚಿಕೊಂಡವನ ಕೈ ಮಾತ್ರ ಕೈಯ ಹಾಗೆ ಕಾಣುತ್ತಿರಲಿಲ್ಲ. ಬಾವುಟ ಹಿಂದಕ್ಕೆ ಹಾರುತ್ತಿತ್ತು. ಕೊನೆಯ ತಪಾಸಣೆಯ ಹಾಳೆ ನನ್ನ ಮುಂದೆ ಬಂತು. ಕೊನೆಯಲ್ಲಿ ಷರಾ ಎಂದು ಒಂದು ಸಾಲು ಇರುತ್ತದೆ, ಅಲ್ಲಿ ಸರಿಯಾಗಿದೆ ಎಂದು ಬರೆದು ರುಜು ಹಾಕುವುದು. ನಾನು ಬರೆದೆ: ಡ್ರಾಯಿಂಗ್ ಪ್ರಕಾರ ಸರಿ, ಗಾಳಿಯ ಪ್ರಕಾರ ತಪ್ಪು. ರುಜು ಹಾಕಿದೆ. ಆ ಹಾಳೆ ನಾಣ್ಯಗಳ ಜೊತೆ ಚೆನ್ನೈಗೆ ಹೋಗಿಬಿಟ್ಟಿತು. ಅಲ್ಲಿಂದ ಫೋನು ಬಂತು, ನನಗೆ ಮೆಮೋ ಬಂತು, ಆ ವರ್ಷದ ಬಡ್ತಿ ಹೋಯಿತು. ಹೋಗಲಿ.

ಮೆಮೋ ತೆಗೆದುಕೊಂಡು ಒಂದು ಭಾನುವಾರ ಆಚಾರಣ್ಣನ ಊರಿಗೆ ಹೋದೆ. ಜಗಲಿಯಲ್ಲಿ ಕೂತು ಯಾರದೋ ಮದುವೆಗೆ ಬೆಳ್ಳಿ ಕಾಲುಂಗುರ ಮಾಡುತ್ತಿದ್ದರು. ಬಡವಾಗಿದ್ದರು. ಅವರ ಹೆಂಡತಿ ಕಾಮಾಕ್ಷಮ್ಮ ಬಿಸಿ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಅವರನ್ನು ನಾನು ಅತ್ತಿಗೆ ಅನ್ನುತ್ತಿದ್ದೆ. ಊಟವಾದ ಮೇಲೆ ಮೆಮೋ ಕೈಗೆ ಕೊಟ್ಟೆ. ತಮಿಳು ಓದಲು ಅವರಿಗೆ ಹೊತ್ತು ಹಿಡಿಯುತ್ತಿತ್ತು. ಓದಿ ಮುಗಿಸಿ ಮೊದಲು ಬೈದರು.

"ಎರಡು ಮಕ್ಕಳು ಮಡಿಕ್ಕೊಂಡು ನಿಂಗ್ಯಾಕ್ ಬೇಕಾಗಿತ್ತು ಇದು? ನಂಗಾದ್ರೆ ವಯಸ್ಸಾಗೈತೆ, ಬುದ್ಧಿಗೇಡಿ ಅಂದ್ಕೊಂಡು ಸುಮ್ನಾಯ್ತಾರೆ."

"ಅವತ್ತು ಸಾರ್ ಕೇಳಿದಾಗ ಹೇಳ್ಬೇಕಾಗಿದ್ದ ಮಾತು ಆಚಾರಣ್ಣ, ಈವಾಗ ಬರ್ದೆ. ತಡ ಆಯ್ತು. ನಂದು ತಪ್ಪು" ಎಂದೆ. ಹೇಳುತ್ತ ಹೇಳುತ್ತ ಅಳು ಬಂದುಬಿಟ್ಟಿತು.

ಅವರು ಮೆಮೋ ಕೆಳಗಿಟ್ಟರು. ಎದ್ದು ಬೆನ್ನು ತಿರುಗಿಸಿ ನಿಂತರು. ಕನ್ನಡಿ ತೆಗೆದು ಭುಜದ ಮೇಲಿಂದ ನನ್ನ ಮುಖ ನೋಡಿದರು. ಅಷ್ಟು ದಿನದ ಮೇಲೆ ಮತ್ತೆ ಆ ಹಾಳು ಕನ್ನಡಿ.

"ಎರಡು ಹುಬ್ಬೂ ಸಮಕ್ಕವೆ" ಎಂದರು. "ಏನೂ ತಪ್ಪಿಲ್ಲ, ಅಮ್ಮಣ್ಣಿ."

ಹೊರಡುವಾಗ ಕೇಳಿದೆ, ಆ ನಾಣ್ಯವನ್ನು ಯಾರೂ ಗಮನಿಸಿಯೇ ಇಲ್ಲವಲ್ಲ, ದೊಡ್ಡ ದೊಡ್ಡವರ ಕೈಯಲ್ಲೆಲ್ಲ ಓಡಾಡಿದೆ, ಒಬ್ಬರೂ ಬಾವುಟ ತಪ್ಪು ಅನ್ನಲಿಲ್ಲವಲ್ಲ ಎಂದು. ಅವರು ಕಾಲುಂಗುರ ಉಜ್ಜುತ್ತಲೇ ಹೇಳಿದರು. "ಗಾಳೀಗೆ ಗೊತ್ತಾಗಾಕಿಲ್ವಾ?" ಸೀಸದ ಬಿಲ್ಲೆ ಕನ್ನಡಿಯ ಜೊತೆ ಜೇಬಿನಲ್ಲೇ ಇತ್ತು. ಅದರ ಅಂಚು ಸವೆಯತೊಡಗಿತ್ತು. ಅವರನ್ನು ಮಾತಾಡುತ್ತ ನೋಡಿದ್ದು ಅದೇ ಕೊನೆ.

ರಾಗಿ ಕೊಯ್ಲು ಮುಗಿದಿತ್ತು. ಒಂದು ಬೆಳಿಗ್ಗೆ ಕಾಮಾಕ್ಷಮ್ಮನ ಫೋನು ಬಂತು. ಕಾಲುಂಗುರ ಮಾಡುತ್ತ ಕೂತವರು ಹಾಗೇ ಒರಗಿಕೊಂಡರಂತೆ. ನಾನು ಹೋಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಜಗಲಿಯ ಮೇಲೆ ಮಲಗಿಸಿದ್ದರು. ನಮ್ಮ ಕಡೆ ತೀರಿಕೊಂಡವರ ಹಣೆಗೆ ಒಂದು ಕಾಸು ಅಂಟಿಸುತ್ತಾರೆ, ತಮಿಳಿನವರು ನೆತ್ತಿಕ್ಕಾಸು ಅನ್ನುತ್ತಾರೆ. ಯಾರೋ ಒಂದು ರೂಪಾಯಿ ಅಂಟಿಸಿದ್ದರು.

ಆಗ ರಾಜೇಂದ್ರನ್ ಸಾರ್ ಬಂದರು. ನಿಜವಾಗಿ ಅತ್ತರು, ಅದು ನಾಟಕವಲ್ಲ. ಜೇಬಿನಿಂದ ಮಖಮಲ್ಲಿನ ಸಣ್ಣ ಪೆಟ್ಟಿಗೆ ತೆಗೆದರು. ಮೊದಲು ಒತ್ತಿದ ಚಿನ್ನದ ನಾಣ್ಯಗಳಲ್ಲಿ ಒಂದನ್ನು ತಮಗೆ ಕೊಟ್ಟಿದ್ದರಂತೆ, ಅದು ನ್ಯಾಯವಾಗಿ ಆಸಾರಿಗೆ ಸೇರಬೇಕಾದ್ದು ಎಂದರು. ಹಣೆಯ ರೂಪಾಯಿ ತೆಗೆದು ಇದನ್ನಿಡಿ, ಆಮೇಲೆ ನೀವೇ ಇಟ್ಟುಕೊಳ್ಳಿ ಅಮ್ಮಾ ಎಂದರು. ಅಂಗಳದಲ್ಲಿದ್ದವರೆಲ್ಲ ಹತ್ತಿರ ಬಂದು ಬಗ್ಗಿ ನೋಡಿದರು. ಆ ಮನೆಗೆ ಅಷ್ಟು ಚಿನ್ನ ಎಂದೂ ಬಂದಿರಲಿಲ್ಲ, ಬಂದಿದ್ದರೂ ಬೇರೆಯವರದ್ದು.

ಕಾಮಾಕ್ಷಮ್ಮ ನಾಣ್ಯವನ್ನು ಕೈಗೆ ತೆಗೆದುಕೊಂಡರು. ಬೆಳಕಿಗೆ ಹಿಡಿದು ಎದುರಿನಿಂದ ನೋಡಿದರು. ಆಮೇಲೆ ಗಂಡನ ಅಂಗಿಯ ಜೇಬಿಗೆ ಕೈಹಾಕಿ ಆ ಗುಂಡು ಕನ್ನಡಿ ತೆಗೆದರು. ಬೆನ್ನು ತಿರುಗಿಸಿ ನಿಂತು, ನಾಣ್ಯವನ್ನು ಭುಜದ ಮೇಲೆ ಹಿಡಿದು, ಕನ್ನಡಿಯಲ್ಲಿ ನೋಡಿದರು. ಅಕ್ಷರ ಬಾರದ ಹೆಂಗಸು. ನಲವತ್ತು ವರ್ಷ ಅವರ ಜೊತೆ ಬಾಳಿದವರು.

"ಕನ್ನಡೀಲೂ ತಪ್ಪೇ ಐತೆ, ಸಾರ್" ಎಂದರು.

ಸಾರ್ ತಲೆ ತಗ್ಗಿಸಿದರು. ಚಿನ್ನ ಕಣವ್ವಾ, ಮಡಿಕ್ಕೋ ಎಂದು ನೆಂಟರಲ್ಲಿ ಯಾರೋ ಹಿಂದಿನಿಂದ ಪಿಸುಗುಟ್ಟಿದರು. ಕಾಮಾಕ್ಷಮ್ಮ ಅತ್ತ ತಿರುಗಿಯೂ ನೋಡಲಿಲ್ಲ. ನಾಣ್ಯವನ್ನು ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಸಾರ್‌ಗೆ ಕೊಟ್ಟರು. "ಅಕ್ಕಸಾಲಿ ಅಕ್ಕನ ಚಿನ್ನಾನೂ ಬುಡ ಅಂತಾರಲ್ಲ ಸಾರ್. ಈಯಪ್ಪ ಬುಡ್ತಾನೆ. ನೋಡ್ಕಳ್ಳಿ ಎಲ್ರೂ."

ಮತ್ತೆ ಅದೇ ಜೇಬಿಗೆ ಕೈಹಾಕಿ ಸೀಸದ ಬಿಲ್ಲೆ ತೆಗೆದು ನನ್ನ ಕಡೆ ಚಾಚಿದರು. ಹೊರಗಿನ ಹೆಂಗಸು ಮುಟ್ಟಬಹುದೇ ಎಂದು ಒಬ್ಬ ಹಿರಿಯರು ಗೊಣಗಿದರು. "ಕಾರ್ಖಾನೇಲಿ ಪರೀಕ್ಷೆ ಮಾಡೋಳು ಅವಳೇಯ" ಎಂದರು ಅತ್ತಿಗೆ. "ನೋಡಮ್ಮಣ್ಣಿ. ಸರ್ಯಾಗಿದ್ರೆ ಪಾಸು ಮಾಡು."

ನಾನು ಕಣ್ಣೊರೆಸಿಕೊಂಡು ನೋಡಿದೆ. ಎದುರಿನಿಂದ ನೋಡಿದೆ, ಕನ್ನಡಿ ಇಸಿದುಕೊಂಡು ಅದರಲ್ಲೂ ನೋಡಿದೆ. ಹಗ್ಗದ ಹುರಿ ಸವೆದಿತ್ತು, ಅಲೆಗಳು ಮಾಸಿದ್ದವು. ಕಿವಿ ಮುಚ್ಚಿಕೊಂಡವನ ಬೆರಳು ಇನ್ನೂ ಇದ್ದವು. "ಸರಿಯಾಗೈತೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅಂಟಿಸಿದ್ದ ರೂಪಾಯಿ ತೆಗೆದು, ಸೀಸದ ಕಾಸನ್ನು ಆಚಾರಣ್ಣನ ಹಣೆಗೆ ಇಟ್ಟೆ. ಹೊಲದ ಕಡೆಯಿಂದ ಗಾಳಿ ಬೀಸುತ್ತಿತ್ತು, ಕಣದಲ್ಲಿ ಯಾರೋ ರಾಗಿ ತೂರುತ್ತಿದ್ದರು. ಅವರ ಹಣೆಯ ಮೇಲೆ ಬಾವುಟ ಮುಂದಕ್ಕೇ ಹಾರುತ್ತಿತ್ತು.